ಒಪ್ಪಿಸಿಕೊಟ್ಟ ನೆತ್ತರು

ನವೆಂಬರ್ 11, ಸೋಮವಾರ

ಸಂತೆಕಟ್ಟೆಯ ಹೊಲಿಗೆ ಅಂಗಡಿಯ ಬೀಗದ ಕೈಯನ್ನು ಅಲ್ಲಿ ಜೊತೆಗೆ ಹೊಲಿಯುವ ಚಂಪಾಳಿಗೆ ಕೊಟ್ಟು ಬಂದೆ. ಇನ್ನು ಕೆಲವು ದಿನ ಜನರ ನಡುವೆ ಕೂರಬಾರದಂತೆ. ಯಾರದ್ದಾದರೂ ಶೀತ ನನಗೆ ಅಂಟಿದರೆ ಟೀನಾಳ ಕೆಲಸ ಕೆಡುತ್ತದೆ ಎಂದು ಡಾಕ್ಟರರ ಅಪ್ಪಣೆ. ಬಾಯಿ ಮುಚ್ಚಿ ಕೂತು ಅಭ್ಯಾಸವಿಲ್ಲದವಳು ನಾನು. ಗೋಡೆಯೊಡನೆ ಮಾತಾಡಿದರೆ ಆನ್ಸಿಲ್ಲಾಳಿಗೆ ತಲೆ ಕೆಟ್ಟಿದೆ ಎಂದು ಕಲ್ಯಾಣಪುರವಿಡೀ ಸುದ್ದಿಯಾದೀತು. ಅದಕ್ಕೆ ಈ ಡೈರಿ. ಕೊಂಕಣಿಯಲ್ಲಿ ಜಪ ಗೊತ್ತು, ತುಳುವಿನಲ್ಲಿ ಜಗಳ ಗೊತ್ತು, ಬರೆಯಲಿಕ್ಕೆ ಮಾತ್ರ ಶಾಲೆಯಲ್ಲಿ ಕಲಿತ ಕನ್ನಡವೊಂದೇ.

ಟೀನಾ ನನ್ನ ತಂಗಿ. ನನಗಿಂತ ಹದಿನೈದು ವರ್ಷ ಚಿಕ್ಕವಳು. ಅಮ್ಮ ತೀರಿಕೊಂಡಾಗ ಅವಳಿನ್ನೂ ಮೂರನೇ ಕ್ಲಾಸು. ಜಡೆ ಹಾಕಿದ್ದು, ಜ್ವರಕ್ಕೆ ತಣ್ಣೀರು ಬಟ್ಟೆ ಇಟ್ಟದ್ದು, ಕದ್ದು ಐಸ್‌ಕ್ಯಾಂಡಿ ತಿಂದದ್ದಕ್ಕೆ ಹೊಡೆದದ್ದು, ಎಲ್ಲ ನಾನೇ. ಈಗ ಅವಳ ನೆತ್ತರಿನಲ್ಲಿ ಕ್ಯಾನ್ಸರ್. ಮಣಿಪಾಲದ ಆಸ್ಪತ್ರೆಯಲ್ಲಿ ಮದ್ದು ಕೊಟ್ಟು ಅವಳ ಮೂಳೆಯೊಳಗಿನ ಮಜ್ಜೆಯನ್ನು ಪೂರ್ತಿ ಬರಿದು ಮಾಡುತ್ತಿದ್ದಾರೆ. ಹೊಸ ನೆತ್ತರು ಹುಟ್ಟಬೇಕಾದರೆ ಬೇರೆಯವರ ಸ್ಟೆಮ್ ಸೆಲ್ ಬೇಕು. ಪರೀಕ್ಷೆ ಮಾಡಿ ನೋಡಿದರೆ ನನ್ನದು ಪೂರ್ತಿ ಹೊಂದುತ್ತದಂತೆ. ಹೊಂದದೆ ಎಂತ? ಅವಳಿಗೆ ನಾನು ಹೊಲಿದ ಒಂದು ಬ್ಲೌಸಾದರೂ ಇದುವರೆಗೆ ಬಿಗಿಯಾದದ್ದುಂಟಾ?

ಅವಳ ಗಂಡ ಅಲ್ಲೇ ಆಸ್ಪತ್ರೆಯಲ್ಲಿ ಇದ್ದಾನೆ, ಆ ಮಸ್ಕತ್ತಿನವನು. ಕೆಲಸ ಬಿಟ್ಟು ಬಂದಿದ್ದಾನೆ. ಕೊರೊನಾದ ವರ್ಷ ಮಸ್ಕತ್ತಿನ ಇಗರ್ಜಿಯಲ್ಲಿ ಇಬ್ಬರೂ ಮದುವೆಯಾದರು. ಮದುವೆಯ ಮುಂಚಿನ ರೋಸ್ ಇಲ್ಲ, ಹುಡುಗಿಯನ್ನು ಒಪ್ಪಿಸಿಕೊಡುವ ಒಪ್ಸುಣ್ ಇಲ್ಲ. ನಾನು ಮೊಬೈಲಿನಲ್ಲಿ ನೋಡಿದೆ. ನೆಟ್‌ವರ್ಕ್ ಹೋಗಿ ಬರುವಷ್ಟರಲ್ಲಿ ನನ್ನ ತಂಗಿ ಅವನ ಹೆಂಡತಿಯಾಗಿದ್ದಳು.

ನವೆಂಬರ್ 16, ಶನಿವಾರ

ನಿನ್ನೆಯಿಂದ ಹೊಟ್ಟೆಗೆ ಇಂಜೆಕ್ಷನ್ ಚುಚ್ಚುತ್ತಿದ್ದಾರೆ. ಅಯ್ಯೋ ಮರಿಯೆ, ಮೂಳೆಯನ್ನು ಒಳಗಿನಿಂದ ಯಾರೋ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಾರೆ. ಸೊಂಟ, ಎದೆಯ ಮೂಳೆ, ತೊಡೆ, ಒಂದನ್ನೂ ಬಿಟ್ಟಿಲ್ಲ.

ಡಾಕ್ಟರ್ ದೀಕ್ಷಿತಾ ಪೆರ್ಡೂರಿನ ಹುಡುಗಿ. ನನ್ನ ಅರ್ಧ ವಯಸ್ಸು, ಆದರೆ ಮಾತು ಗಟ್ಟಿ. "ನೋವು ಉಂಟಾ ಆಂಟಿ?" ಎಂದಳು.

"ಉಂಟಾ ಎಂದು ಕೇಳ್ತೀರಾ? ಎಂತದು ಮಾಡ್ತದೆ ಈ ಮದ್ದು?"

"ಸ್ಟೆಮ್ ಸೆಲ್‌ಗಳು ನಿಮ್ಮ ಮೂಳೆಯೊಳಗೆ ಗಟ್ಟಿಯಾಗಿ ಕಚ್ಚಿಕೊಂಡು ಕೂತಿರ್ತವೆ. ಆ ಹಿಡಿತವನ್ನು ಇದು ಸಡಿಲ ಮಾಡ್ತದೆ. ಆಗ ಅವು ಬಿಟ್ಟು ರಕ್ತಕ್ಕೆ ಇಳಿಯುತ್ತವೆ. ಅಲ್ಲಿಂದ ನಾವು ಮೆಷಿನಿನಲ್ಲಿ ಆರಿಸಿಕೊಳ್ಳುವುದು."

"ಆಮೇಲೆ ಟೀನಾಳ ಮೂಳೆಗೆ ತೂತು ಮಾಡಿ ಹಾಕುವುದಾ?"

"ಇಲ್ಲ ಆಂಟಿ. ರಕ್ತನಾಳಕ್ಕೆ ಬಿಡುವುದಷ್ಟೇ. ಮೂಳೆಗೆ ಅವು ತಾವಾಗಿಯೇ ಹೋಗಬೇಕು."

ನಾನು ಅವಳ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಕಾಪುವಿಗೆ ಹೋಗುವವನನ್ನು ಕಾರ್ಕಳದ ಬಸ್ಸಿಗೆ ಹತ್ತಿಸಿ, ಸರಿಯಾಗಿ ಇಳಿದುಕೋ ಎಂದ ಹಾಗಾಯಿತಲ್ಲ ಇದು! ದಾರಿ ಯಾರು ತೋರಿಸುವುದು ಎಂದು ಕೇಳಿದೆ.

"ಪೆಟ್ಟಾದ ಜಾಗವೇ ಕರೆಯುತ್ತದೆ. ಮದ್ದಿನಿಂದ ಹಾಳಾದ ಮಜ್ಜೆ ಒಂದು ರಾಸಾಯನಿಕ ಬಿಡ್ತದೆ. ಅದು ಸೆಲ್‌ಗಳಿಗೆ ಗೊತ್ತಾಗ್ತದೆ. ಅಲ್ಲಿನ ರಕ್ತನಾಳದ ಗೋಡೆಗೆ ತಾಗಿ ಉರುಳುತ್ತಾ ಉರುಳುತ್ತಾ ನಿಧಾನವಾಗ್ತವೆ. ಮತ್ತೆ ಅಂಟಿಕೊಳ್ತವೆ. ಮತ್ತೆ ಗೋಡೆಯ ಸಂದಿಯಲ್ಲಿ ನುಸುಳಿ ಒಳಗೆ."

"ಎಲ್ಲವೂ ಹೋಗಿ ಮುಟ್ಟುತ್ತವಾ?"

"ಇಲ್ಲ. ಸುಮಾರು ಶ್ವಾಸಕೋಶದಲ್ಲಿ, ಲಿವರಿನಲ್ಲಿ ಸಿಕ್ಕಿಹಾಕಿಕೊಂಡು ಹೋಗ್ತವೆ. ಮುಟ್ಟಿದ ಕೆಲವೇ ಸಾಕು, ಅವು ಅಲ್ಲಿ ಬೇರು ಬಿಟ್ಟರೆ. ಬಿಡದಿದ್ದರೆ..." ಎಂದು ನಿಲ್ಲಿಸಿದಳು.

ಬಿಡದಿದ್ದರೆ ಟೀನಾ ಇಲ್ಲ. ಅವಳದ್ದೇ ಆದ ಮಜ್ಜೆ ಇನ್ನು ಎದ್ದು ಬರುವುದಿಲ್ಲ. ನನಗೂ ಅಷ್ಟು ಅರ್ಥವಾಗುತ್ತದೆ.

ಬೇರು ಬಿಡದೆ ಎಲ್ಲಿಗೆ ಹೋಗುತ್ತವೆ? ನನ್ನ ಸೆಲ್‌ಗಳು ಅವು. ನಾನು ಹೇಳಿದ ಮೇಲೆ ಆಯಿತು.

ನವೆಂಬರ್ 19, ಮಂಗಳವಾರ

ಇಂದು ಟೀನಾಳಿಗೆ ರೋಸ್ ಹಾಕಿದೆ.

ಹೌದು, ಹಾಕಿದೆ. ಯಾರಿಗೂ ಹೇಳಲಿಲ್ಲ. ಇಲ್ಲಿ ಬರೆದರೆ ಸಾಕು.

ನಮ್ಮಲ್ಲಿ ಮದುವೆಯ ಮುಂಚಿನ ದಿನ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ತೆಂಗಿನ ಹಾಲು ಹಚ್ಚುತ್ತಾರೆ. ಹಣೆಗೆ ಶಿಲುಬೆಯ ಗುರುತು, ಕೂದಲಿಗೆ, ಕೈಗೆ. ಹುಡುಗಿತನ ತೊಳೆದು ಹೋಗುವ ಸ್ನಾನ ಅದು. ಹೆಂಗಸರು ಸುತ್ತ ನಿಂತು ವೊವಿಯೊ ಹಾಡುತ್ತಾರೆ. ಈ ಊರಿನ ರೋಸುಗಳಿಗೆ ಹಾಡು ಎತ್ತುವವಳು ನಾನೇ. ಮದುವೆಯಾಗದವಳು ಹಾಡು ಎತ್ತಬಾರದು ಎಂದು ಮೂಗು ಮುರಿದವರಿದ್ದರು, ಆದರೆ ನನ್ನಷ್ಟು ಗಂಟಲು ಅವರಿಗೆ ಯಾರಿಗೂ ಇರಲಿಲ್ಲ. ಕಾರ್ಕಳದ ತನಕ ಕರೆಸಿಕೊಂಡಿದ್ದಾರೆ. ಮರುದಿನ ಹುಡುಗಿಯನ್ನು ಗಂಡಿನ ಮನೆಯವರ ಕೈಗೆ ಒಪ್ಪಿಸುವ ಒಪ್ಸುಣಿನ ಮಾತನ್ನೂ ಎಷ್ಟೋ ಮನೆಗಳಲ್ಲಿ ನಾನೇ ಹೇಳಿಕೊಟ್ಟಿದ್ದೇನೆ. ನನ್ನ ಸ್ವಂತ ತಂಗಿಗೆ ಮಾತ್ರ ಎರಡೂ ಇಲ್ಲ. ಆ ಉರಿ ನನ್ನ ಹೊಟ್ಟೆಯಲ್ಲಿ ಇನ್ನೂ ಇದೆ.

ಬೆಳಿಗ್ಗೆ ತೆಂಗಿನಕಾಯಿ ತುರಿದು ಹಿಂಡಿ, ಸಣ್ಣ ಸ್ಟೀಲ್ ಕುಪ್ಪಿಯಲ್ಲಿ ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ವಾರ್ಡಿನಲ್ಲಿ ಕೈ ತೊಳೆಯಿರಿ ಎಂದರು, ತೊಳೆದೆ. ಗೌನು, ಮಾಸ್ಕು, ಟೊಪ್ಪಿ, ಹೇಳಿದ್ದೆಲ್ಲ ಹಾಕಿಕೊಂಡೆ. ಹೊರಗಿನದ್ದು ಏನೂ ತರಬಾರದು ಎಂದು ಗೊತ್ತಿತ್ತು. ಆದರೆ ತೆಂಗಿನ ಹಾಲು ಹೊರಗಿನದ್ದು ಹೇಗಾಗುತ್ತದೆ? ಅದನ್ನೇ ಉಂಡು ಬೆಳೆದ ಮೈಯಲ್ಲವಾ?

ಟೀನಾ ಮಲಗಿದ್ದಳು. ತಲೆಯಲ್ಲಿ ಒಂದು ಕೂದಲಿಲ್ಲ. ಕುತ್ತಿಗೆಯ ಪಕ್ಕ ಮದ್ದಿನ ನಳಿಗೆ, ಅದರ ಮೇಲೆ ಅಂಟುಪಟ್ಟಿ.

"ಎಂತ ವಾಸನೆ ಅಕ್ಕ?" ಎಂದಳು. ಮತ್ತೆ ತಾನೇ, "ರೋಸಾ?" ಎಂದಳು.

"ನಾಳೆ ನನ್ನ ನೆತ್ತರು ನಿನ್ನ ಮೈಗೆ ಬರುತ್ತದೆ. ಅದೂ ಮದುವೆಯೇ. ಸುಮ್ಮನಿರು."

ಹಣೆಗೆ ಹೆಬ್ಬೆರಳಿನಿಂದ ಶಿಲುಬೆ ಬರೆದೆ. ಬೋಳು ತಲೆಗೆ ಹಚ್ಚಿದೆ. ಕೈಗೆ ಹಚ್ಚಿದೆ. ಮಾಸ್ಕಿನೊಳಗೇ ಮೆಲ್ಲಗೆ ಹಾಡಿದೆ. ಅವಳು ಅತ್ತಳು, ನಾನೂ ಅತ್ತೆ. ಹಾಲಿನ ಒಂದು ಗೆರೆ ಕುತ್ತಿಗೆಗೆ ಇಳಿದು ಪಟ್ಟಿಯ ಅಂಚಿಗೆ ತಾಗಿತು. ಗೌನಿನಡಿಯ ಸೆರಗು ಎಳೆದು ಒರೆಸಿದೆ.

ತಲೆಯೆತ್ತಿದರೆ ಗಾಜಿನ ಆಚೆ ಮಸ್ಕತ್ತಿನವನು ನಿಂತಿದ್ದಾನೆ. ನೋಡಿದ. ಹಾಗೆಯೇ ಆಚೆ ಸರಿದ. ಹೇಳಲು ಅವನಿಗೆ ಬಾಯಿ ಎಲ್ಲಿದೆ?

ನವೆಂಬರ್ 20, ಬುಧವಾರ

ಎರಡೂ ಕೈಗೆ ಸೂಜಿ ಚುಚ್ಚಿ ಬೆಳಗಿನಿಂದ ಮೆಷಿನಿನ ಪಕ್ಕ ಮಲಗಿಸಿದರು. ಒಂದು ಕೈಯಿಂದ ನೆತ್ತರು ಹೋಗುತ್ತದೆ, ಮೆಷಿನು ತನಗೆ ಬೇಕಾದ್ದನ್ನು ಹೆಕ್ಕಿಕೊಂಡು ಉಳಿದದ್ದನ್ನು ಇನ್ನೊಂದು ಕೈಗೆ ಮರಳಿಸುತ್ತದೆ. ಮೂಗು ತುರಿಸಲಿಕ್ಕೂ ನರ್ಸನ್ನು ಕರೆಯಬೇಕು. ಕರೆದೆ, ಬೇಕೆಂದೇ ಎರಡು ಸಲ ಕರೆದೆ.

ಸಂಜೆ ಗಾಜಿನಾಚೆಯಿಂದ ನೋಡಿದೆ. ಟೊಮೆಟೊ ಸಾರಿನ ಬಣ್ಣದ ಒಂದು ಚೀಲ. ಅಷ್ಟೇ. ಅದನ್ನು ಕಂಬಕ್ಕೆ ತೂಗುಹಾಕಿದರು, ನಳಿಗೆಯಲ್ಲಿ ಇಳಿಯಿತು. ಕತ್ತರಿಯಿಲ್ಲ, ಹೊಲಿಗೆಯಿಲ್ಲ. ಇಷ್ಟಕ್ಕೇ ಇಷ್ಟು ಸಂಕಟವಾ ಎನಿಸಿತು.

ಗಾಜಿಗೆ ಬಾಯಿ ಹಚ್ಚಿ ಹೇಳಿದೆ: ದಾರಿಯಲ್ಲಿ ಹರಟೆ ಹೊಡೆಯುತ್ತಾ ನಿಲ್ಲಬೇಡಿ, ನೇರ ಮೂಳೆಗೆ ಹೋಗಿ. ಪಕ್ಕದಲ್ಲಿ ಅವನಿದ್ದ. ನಕ್ಕನೋ ಅತ್ತನೋ ಗೊತ್ತಾಗಲಿಲ್ಲ. ಮಾಸ್ಕ್ ಹಾಕಿದವರ ಮುಖ ಓದುವುದು ಕಷ್ಟ.

ನವೆಂಬರ್ 22, ಶುಕ್ರವಾರ

ಟೀನಾಳಿಗೆ ಜ್ವರ. ಹಲ್ಲು ಕಟಕಟ ಎನ್ನುವಷ್ಟು ಚಳಿ. ಮೂರು ಕಂಬಳಿ ಹೊದೆಸಿದರೂ ಮಂಚ ನಡುಗುತ್ತದೆ. ಅವಳ ಮೈಯಲ್ಲಿ ಈಗ ಬಿಳಿ ರಕ್ತಕಣವೇ ಇಲ್ಲ, ಕಾಯುವವರು ಯಾರೂ ಇಲ್ಲದ ಮನೆ ಎಂದು ದೀಕ್ಷಿತಾ ಹೇಳಿದಳು.

ಇಂಥ ಸ್ಥಿತಿಯಲ್ಲಿ ಜ್ವರ ಬರುವುದುಂಟು ಎಂದು ನರ್ಸ್ ಹೇಳಿದಳು. ಉಂಟಂತೆ. ಎಲ್ಲರಿಗೂ ಬರುತ್ತದಂತೆ.

ನವೆಂಬರ್ 23, ಶನಿವಾರ

ಕುತ್ತಿಗೆಯ ಅಂಟುಪಟ್ಟಿ ಬದಲಿಸಲು ತೆಗೆದಾಗ ಅಡಿಯಲ್ಲಿ ಜಿಡ್ಡು, ಹಳಸಿದ ತೆಂಗಿನ ವಾಸನೆ. ನಳಿಗೆಯನ್ನೇ ತೆಗೆದುಹಾಕಿದರು. ನೆತ್ತರಿನ ಪರೀಕ್ಷೆಯಲ್ಲಿ ಕ್ರಿಮಿ ಸಿಕ್ಕಿದೆ.

ದೀಕ್ಷಿತಾ ನನ್ನನ್ನು ಹೊರಗೆ ಕರೆದು ಹೇಳಿದಳು: "ನಿಮ್ಮ ತಂಗಿಯ ಗಂಡ ಒಪ್ಪಿಕೊಂಡರು ಆಂಟಿ. ತಲೆಗೆ ತೆಂಗಿನ ಎಣ್ಣೆ ಹಚ್ಚಿದ್ದು ತಾನೇ ಅಂತ. ಎಷ್ಟು ಹೇಳಿದ್ದೇವೆ ನಾವು! ಇನ್ನು ಅವರನ್ನು ಒಳಗೆ ಬಿಡುವುದಿಲ್ಲ. ನೀವೊಬ್ಬರೇ ನೋಡಿಕೊಳ್ಳಬೇಕು."

ನಾನು ತಲೆಯಾಡಿಸಿದೆ.

ತಲೆಯಾಡಿಸಿದೆ.

ನವೆಂಬರ್ 24, ಭಾನುವಾರ

ಪೂಜೆಗೆ ಹೋಗಲಿಲ್ಲ. ಜ್ವರ ಇಳಿದಿಲ್ಲ. ಊಟ ಸೇರಲಿಲ್ಲ.

ನವೆಂಬರ್ 25, ಸೋಮವಾರ

ಬೆಳಿಗ್ಗೆ ವಾರ್ಡಿಗೆ ಹೋಗುವಾಗ ಅವನು ಪಾರ್ಕಿಂಗಿನ ಪಕ್ಕದ ಸಿಮೆಂಟ್ ಬೆಂಚಿನಲ್ಲಿ ಕೂತಿದ್ದ. ಶನಿವಾರದ ಅಂಗಿಯೇ. ಎದ್ದು ನಿಂತು ಒಂದು ಫ್ಲಾಸ್ಕ್ ಕೊಟ್ಟ. "ಗಂಜಿನೀರು ಅಕ್ಕ. ಕುದಿಸಿ ತಂದದ್ದು. ಒಳಗೆ ಕೇಳಿ, ಬಿಡುವುದಾದರೆ ಮಾತ್ರ ಕೊಡಿ."

"ನೀನು ಯಾಕೆ ಹಾಗೆ ಹೇಳಿದ್ದು?" ಎಂದೆ.

ಅವನು ಫ್ಲಾಸ್ಕಿನ ಮುಚ್ಚಳ ನೋಡಿಕೊಂಡು ಹೇಳಿದ: "ಜ್ವರದಲ್ಲಿ ಅವಳು ಕರೆಯುವುದು ನಿಮ್ಮನ್ನು. ನನ್ನನ್ನಲ್ಲ. ಒಬ್ಬರು ಹೊರಗೆ ಹೋಗಬೇಕೆಂದಾದರೆ ನಾನೇ ಹೋಗುವುದು ಒಳ್ಳೆಯದಲ್ವಾ?"

ಎಂತ ಮನುಷ್ಯ ಮಾರಾಯ್ರೆ ಇವನು! ನನಗೆ ಸಿಟ್ಟು ಬಂತು. ಕಪಾಳಕ್ಕೆ ಹೊಡೆದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ನೇರ ದೀಕ್ಷಿತಾಳ ಬಳಿಗೆ ಹೋಗಿ ಹೇಳಿದೆ: ಎಣ್ಣೆಯಲ್ಲ, ತೆಂಗಿನ ಹಾಲು, ಹಸಿಯದ್ದು, ಹಾಕಿದವಳು ನಾನು, ಮಂಗಳವಾರ, ಅವನಲ್ಲ.

ಅವಳು ಫೈಲು ತೆರೆದು ಅದನ್ನೇ ಬರೆದುಕೊಂಡಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

"ಅದರಿಂದಲೇ ಜ್ವರ ಬಂತಾ?" ಎಂದು ಕೇಳಿದೆ.

"ಖಂಡಿತ ಅಂತ ಹೇಳಲಿಕ್ಕೆ ಆಗುವುದಿಲ್ಲ ಆಂಟಿ. ಅದರಿಂದಲೂ ಇರಬಹುದು. ಈಗ ಅವಳ ಮೈಯಲ್ಲಿ ಕ್ರಿಮಿಯ ಗಲಾಟೆ. ನಿಮ್ಮ ಸೆಲ್‌ಗಳು ಊರುವುದು ಇಂಥ ಗಲಾಟೆಯ ನಡುವೆ. ತಡವಾಗಬಹುದು. ಆಗದೆಯೂ ಇರಬಹುದು."

ಅವನನ್ನು ಒಳಗೆ ಬಿಟ್ಟರು. ನನ್ನನ್ನು ಹೊರಗೆ ಹಾಕಿದರು. ಸರಿಯಾಗಿಯೇ ಮಾಡಿದರು.

ನನ್ನ ಕೈಯಿಂದಲೇ ಆಯಿತಲ್ಲ ದೇವರೇ. ಜೀವ ಕೊಡಲು ಬಂದ ಕೈಯಿಂದಲೇ.

ನವೆಂಬರ್ 29, ಶುಕ್ರವಾರ

ಜ್ವರ ಇಳಿಯಿತಂತೆ. ಬಾಯಿ ತುಂಬ ಹುಣ್ಣು, ಉಗುಳು ನುಂಗಲಿಕ್ಕೂ ಆಗುವುದಿಲ್ಲವಂತೆ. ಎಲ್ಲ ಅಂತೆ. ನಾನು ನೋಡಿದ್ದಲ್ಲ. ಸಿಮೆಂಟ್ ಬೆಂಚು ಈಗ ನನ್ನದು. ಅವಳ ಗಂಡ ಜೋಯ್‌ಸ್ಟನ್ ದಿನಕ್ಕೆರಡು ಸಲ ಇಳಿದು ಬಂದು ಹೇಳಿ ಹೋಗುತ್ತಾನೆ. ಕೇಳಿದ್ದಕ್ಕಷ್ಟೇ ಉತ್ತರ. ಆದರೆ ಸುಳ್ಳು ಹೇಳುವುದಿಲ್ಲ. ಚೆನ್ನಾಗಿದ್ದಾಳೆ ಎಂದು ಒಂದು ಸಲವೂ ಹೇಳಲಿಲ್ಲ, ಅದಕ್ಕೇ ಅವನ ಮಾತು ನಂಬುತ್ತೇನೆ.

ಇಂದು ಫೋನನ್ನು ಅವಳ ಕಿವಿಗೆ ಹಿಡಿಯುತ್ತೇನೆ, ಮಾತಾಡಿ ಎಂದ. ಎಂತ ಮಾತಾಡುವುದು? ಹಾಡಿದೆ. ಮಣಿಪಾಲದ ಪಾರ್ಕಿಂಗಿನಲ್ಲಿ ಕಾರುಗಳ ನಡುವೆ ನಿಂತು ರೋಸಿನ ಹಾಡು. ಸೆಕ್ಯುರಿಟಿಯವನು ಎದ್ದು ನಿಂತು ನೋಡಿದ. ನೋಡಲಿ. ಆಚೆಯಿಂದ ಉಗುರಿನಿಂದ ಫೋನಿಗೆ ಟಕ್ ಟಕ್ ಎಂದು ಬಡಿದ ಸದ್ದು ಬಂತು. ಚಿಕ್ಕವಳಿದ್ದಾಗ ನನ್ನ ಹೊಲಿಗೆ ಮೆಷಿನಿನ ಅಡಿಯಲ್ಲಿ ಕೂತು ಹೀಗೆಯೇ ಬಡಿಯುತ್ತಿದ್ದಳು.

ಡಿಸೆಂಬರ್ 5, ಗುರುವಾರ

ಇನ್ನೂ ಏನಿಲ್ಲ. ದಿನವೂ ನೆತ್ತರು ತೆಗೆದು ನೋಡುತ್ತಾರೆ, ದಿನವೂ ಸೊನ್ನೆ.

ದೀಕ್ಷಿತಾ ಊಟಕ್ಕೆ ಹೋಗುವವಳು ನನ್ನ ಬೆಂಚಿನ ಹತ್ತಿರ ನಿಂತಳು. "ಮುಂದಿನ ವಾರವೂ ಹೀಗೆಯೇ ಇದ್ದರೆ ಬೇರೆ ಯೋಚನೆ ಮಾಡಬೇಕಾಗ್ತದೆ" ಎಂದಳು. ಇನ್ನೊಮ್ಮೆ ತೆಗೆಯಿರಿ, ಇರುವುದೆಲ್ಲ ತೆಗೆಯಿರಿ, ನನಗೆ ಎಂತಕ್ಕೆ ಎಂದೆ. "ಅದೂ ಉಂಟು. ಆದರೆ ಅವಳ ಮೈ ಇನ್ನೊಮ್ಮೆ ತಡೆಯುತ್ತದಾ ಎನ್ನುವುದು ಪ್ರಶ್ನೆ."

"ಈಗ ಅವು ಎಲ್ಲಿರಬಹುದು?"

"ಹೋಗಿ ಮುಟ್ಟಿದ್ದರೆ ಯಾವಾಗಲೋ ಮುಟ್ಟಿ ಆಗಿದೆ. ಮುಟ್ಟಲಿಕ್ಕೆ ಒಂದೆರಡು ದಿನ ಸಾಕು. ಒಳಗೆ ಹೋದ ಮೇಲೆ ಆ ಮಜ್ಜೆ ಅವುಗಳನ್ನು ಇಟ್ಟುಕೊಳ್ಳಬೇಕು, ಸಾಕಬೇಕು, ಕೆಲಸ ಕೊಡಬೇಕು. ಅದಕ್ಕೆ ಸಮಯ. ಹೊರಗಿನಿಂದ ನಾವು ಮಾಡುವಂಥದ್ದು ಏನೂ ಇಲ್ಲ."

ಹಾಗಾದರೆ ನಾನು ಗಾಜಿಗೆ ಬಾಯಿ ಹಚ್ಚಿ ಆಜ್ಞೆ ಮಾಡಿದ್ದೆಲ್ಲ ಸುಮ್ಮನೆ. ನನ್ನನ್ನು ಬಿಟ್ಟು ಹೊರಟ ಮೇಲೆ ಅವು ಕೇಳುವುದು ಅವಳ ಮೂಳೆಯ ಮಾತನ್ನು, ನನ್ನದನ್ನಲ್ಲ. ಕೇಳದೆ ಇರಲಿ, ನನ್ನದು ಬೇಡ. ಅವಳದ್ದನ್ನಾದರೂ ಕೇಳಲಿ. ಒಂದೇ ಒಂದು ಕಡೆಯಾದರೂ ಊರಲಿ.

ಸಂಜೆ ಜೋಯ್‌ಸ್ಟನ್ ಪಕ್ಕದಲ್ಲಿ ಬಂದು ಕೂತ. ಇಬ್ಬರೂ ಒಂದು ಜಪಸರ ಮುಗಿಸಿದೆವು. ಅವನು ಕೊಂಕಣಿಯನ್ನು ಕಾರ್ಕಳದ ರಾಗದಲ್ಲಿ ಹೇಳುತ್ತಾನೆ. ಅವನ ಅಮ್ಮ ಬರ್ತಾಬಾಯಿ ಅತ್ತೂರಿನ ಇಗರ್ಜಿಯಲ್ಲಿ ಮೊಂಬತ್ತಿ ಹೊತ್ತಿಸಿ ಬಂದರಂತೆ. ಆ ಮುದುಕಿಯ ಹಿರಿಯ ಮಗಳ ರೋಸಿಗೆ ಒಮ್ಮೆ ನಾನು ಹಾಡಲು ಹೋಗಿದ್ದೆ. ಆ ಬರ್ತಾಬಾಯಿಯ ಮಗನೇ ಇವನು ಎಂದು ಇಷ್ಟು ವರ್ಷ ನೆನಪು ಮಾಡಿಕೊಳ್ಳಲಿಕ್ಕೂ ನನಗೆ ಮನಸ್ಸಿರಲಿಲ್ಲ.

ಡಿಸೆಂಬರ್ 8, ಭಾನುವಾರ

ಮಾತೆಯ ಹಬ್ಬ. ಪೂಜೆ ಮುಗಿಸಿ ಹೊರಗೆ ಬರುವಾಗ ಫೋನ್ ಬಂತು. ಜೋಯ್‌ಸ್ಟನ್‌ನ ನಂಬರು.

"ಬಂತು ಅಕ್ಕ. ಬಿಳಿ ಕಣ ಬಂತು. ನಿನ್ನೆಯೂ ಸ್ವಲ್ಪ ಇತ್ತು, ನಿಮಗೆ ಹೇಳಲಿಲ್ಲ. ಇವತ್ತೂ ಏರಿದೆ."

ಇಗರ್ಜಿಯ ಮೆಟ್ಟಿಲಿನಲ್ಲೇ ಕೂತೆ. ಎಲ್ಲರೂ ಯಾರು ಸತ್ತದ್ದು ಎಂದು ಕೇಳಿದರು. ಯಾರೂ ಸತ್ತಿಲ್ಲ, ನಿಮ್ಮ ಬಾಯಿ ಹೊಲಿದುಹಾಕ್ತೇನೆ ಎಂದೆ.

ಡಿಸೆಂಬರ್ 15, ಭಾನುವಾರ

ಇಂದು ನನ್ನನ್ನು ಒಳಗೆ ಬಿಟ್ಟರು. ಬಾಗಿಲಲ್ಲಿ ನರ್ಸ್ ನನ್ನ ಸೊಂಟವನ್ನೂ ತಡಕಿ ನೋಡಿದಳು. ನೋಡಲಿ ಬಿಡಿ.

ಟೀನಾ ಹಂಚಿಕಡ್ಡಿಯಂತೆ ಆಗಿದ್ದಾಳೆ. ಅಂಗೈಯಲ್ಲಿ, ಎದೆಯಲ್ಲಿ ಕೆಂಪು ದದ್ದು. ಗಾಬರಿಯಾಗಿ ದೀಕ್ಷಿತಾಳನ್ನು ಕೇಳಿದೆ. ನನ್ನ ಸೆಲ್‌ಗಳು ಅವಳ ಮೈಯನ್ನು ಪರರದ್ದು ಎಂದು ತಿಳಿದು ಜಗಳ ತೆಗೆದಿವೆಯಂತೆ. ಸ್ವಲ್ಪ ಜಗಳ ಒಳ್ಳೆಯದಂತೆ, ಉಳಿದಿರುವ ಕ್ಯಾನ್ಸರಿಗೂ ಪೆಟ್ಟು ಬೀಳುತ್ತದೆ. ಹೆಚ್ಚಾದರೆ ಮದ್ದು ಕೊಟ್ಟು ತಗ್ಗಿಸುತ್ತಾರೆ.

"ನಿಮ್ಮದೇ ಅಲ್ವಾ ಅಕ್ಕ, ಸುಮ್ಮನೆ ಕೂರ್ತವಾ?" ಎಂದಳು ಟೀನಾ. ಹುಣ್ಣಿನ ಬಾಯಿಯಲ್ಲಿ ನಗಲು ಹೋಗಿ ನೋವಾಗಿ ಮುಖ ಹಿಂಡಿದಳು. ಹೊಸ ಮನೆಗೆ ಬಂದ ಸೊಸೆ ಪಾತ್ರೆ ಕುಕ್ಕುವುದು ಇದ್ದದ್ದೇ, ನಾಲ್ಕು ದಿನದಲ್ಲಿ ಹೊಂದಿಕೊಳ್ಳುತ್ತಾಳೆ ಎಂದೆ.

ಅವಳ ಕೈ ಮುಟ್ಟಲಿಲ್ಲ. ಮುಟ್ಟಬಹುದು ಎಂದು ನರ್ಸ್ ಹೇಳಿದಳು. ನಾನೇ ಮುಟ್ಟಲಿಲ್ಲ.

ಜನವರಿ 28, ಮಂಗಳವಾರ

ಟೀನಾಳನ್ನು ವಾರ್ಡಿನಿಂದ ಬಿಟ್ಟು ತಿಂಗಳಾಗುತ್ತ ಬಂತು. ಆಸ್ಪತ್ರೆಯ ಹತ್ತಿರವೇ ಬಾಡಿಗೆ ಕೋಣೆಯಲ್ಲಿ ಗಂಡ ಹೆಂಡತಿ ಇದ್ದಾರೆ. ಎರಡು ದಿನಕ್ಕೊಮ್ಮೆ ಪರೀಕ್ಷೆ. ನಾನು ಅಡುಗೆ ಮಾಡಿ ಬಸ್ಸಿನಲ್ಲಿ ಒಯ್ಯುತ್ತೇನೆ. ಎಲ್ಲವೂ ಕುದಿಸಿದ್ದು, ಬಿಸಿಬಿಸಿಯದ್ದು. ಅಂಗಡಿಯಲ್ಲಿ ಚಂಪಾ ಒಬ್ಬಳೇ ಗೊಣಗುತ್ತಾಳೆ.

ಇಂದು ಅತ್ತೂರಿನ ಹಬ್ಬಕ್ಕೆ ಹೋಗಿ ಬಂದೆ. ಎಲ್ಲರೂ ಪವಿತ್ರ ನೀರು ತುಂಬಿಸಿಕೊಳ್ಳುತ್ತಿದ್ದರು. ನನ್ನ ಕೈಯಲ್ಲೂ ಬಾಟಲಿ ಇತ್ತು, ತುಂಬಿಸಲಿಲ್ಲ. ಮೊಂಬತ್ತಿ ಹೊತ್ತಿಸಿ, ಇಲ್ಲಿಂದಲೇ ನೋಡಿಕೋ ಸಂತ ಲಾರೆನ್ಸ್ ಎಂದು ಹೇಳಿ ಬಂದೆ. ಅಷ್ಟು ದೂರದಿಂದ ಅವನಿಗೆ ಕಾಣದೆ ಇರುತ್ತದಾ?

ಫೆಬ್ರವರಿ 20, ಗುರುವಾರ

ಟೀನಾಳ ರಕ್ತದ ಗುಂಪು ಬದಲಾಗುತ್ತಿದೆ. ಹುಟ್ಟಿದಂದಿನಿಂದ ಓ ಇದ್ದವಳು ಬಿ ಆಗುತ್ತಿದ್ದಾಳೆ. ಬಿ ನನ್ನದು. ದೀಕ್ಷಿತಾ ನಗುತ್ತಾ ಹೇಳಿದಳು: "ಈಗ ಅವಳ ಮಜ್ಜೆಯಲ್ಲಿ ಇರುವುದೆಲ್ಲ ನಿಮ್ಮದೇ ಆಂಟಿ. ಹೋಗಿ ಮುಟ್ಟಿದವು ಚೆನ್ನಾಗಿಯೇ ಊರಿವೆ." ಇನ್ನು ಎಚ್ಚರಿಕೆಯಿಂದ ಮನೆಗೆ ಹೋಗಬಹುದಂತೆ.

ಇದನ್ನೇ ಕಾಯುತ್ತಿದ್ದೆ. ಹೋದ ತಿಂಗಳೇ ಕಲ್ಯಾಣಪುರದ ಮನೆಯಲ್ಲಿ ಒಳಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಹೊಸ ಹಾಸಿಗೆ, ಕಿಟಕಿಗೆ ಬಲೆ, ಹೊಲಿಗೆ ಮೆಷಿನನ್ನು ಎತ್ತಿ ಹಿಂದಿನ ಜಗಲಿಗೆ ಹಾಕಿದ್ದೇನೆ. ಶನಿವಾರ ಹೊರಡುವ ಎಂದೆ.

ಟೀನಾ ಗಂಡನ ಮುಖ ನೋಡಲಿಲ್ಲ. ನನ್ನ ಮುಖವನ್ನೇ ನೋಡಿ ಹೇಳಿದಳು: "ನಾನು ಕಾಪುವಿಗೆ ಹೋಗ್ತೇನೆ ಅಕ್ಕ. ಜೋಯ್‌ಸ್ಟನ್ ಅಲ್ಲಿ ಮನೆ ನೋಡಿದ್ದಾನೆ. ಮಾಯ್ ಕೂಡ ಕಾರ್ಕಳದಿಂದ ಬಂದು ಇರ್ತಾರಂತೆ."

"ಯಾರು ಮಾಯ್? ಅತ್ತೆಯಾ? ನಿನ್ನ ಮೈಯಲ್ಲಿ ಹರಿಯುವುದು ಯಾರ ನೆತ್ತರು ಗೊತ್ತುಂಟಾ?"

ಬಾಯಿಂದ ಬಿದ್ದಾಗಿತ್ತು. ಜೋಯ್‌ಸ್ಟನ್ ಎದ್ದು ಹೊರಗೆ ಹೋದ.

ಟೀನಾ ಮೆಲ್ಲಗೆ, "ನನ್ನದು" ಎಂದಳು.

ಬಸ್ಸಿನಲ್ಲಿ ಕಲ್ಯಾಣಪುರ ಬರುವ ತನಕ ಅವಳನ್ನು ಮನಸ್ಸಿನಲ್ಲೇ ಬೈದೆ. ಸ್ಟಾಪ್ ದಾಟಿ ಹೋಯಿತು. ಇಳಿದು ಹಿಂದೆ ನಡೆದೆ.

ಫೆಬ್ರವರಿ 23, ಭಾನುವಾರ

ಹೋಗಲಿ. ನನಗೇನು?

ಅವಳು ಹೇಳಿದ್ದು ಸರಿಯೇ ಇರಬೇಕು. ನನ್ನ ಮೂಳೆಯನ್ನು ಬಿಡುವಾಗ ನನಗೆ ಅಷ್ಟು ನೋವಾಯಿತು. ಬಿಟ್ಟ ಮೇಲೆ ಅವು ಒಮ್ಮೆಯೂ ತಿರುಗಿ ಬರಲಿಲ್ಲ. ಬಂದಿದ್ದರೆ ಟೀನಾ ಇರುತ್ತಿರಲಿಲ್ಲ.

ಜೋಯ್‌ಸ್ಟನ್‌ಗೆ ಫೋನ್ ಮಾಡಿ, ಆ ಮನೆಯಲ್ಲಿ ಗೋಡೆಗೆ ತೇವ ಉಂಟಾ, ಬಾವಿಯ ನೀರಾ ನಳ್ಳಿಯದ್ದಾ ಎಂದು ಕೇಳಿದೆ. ಸಮುದ್ರದ ಗಾಳಿಗೆ ಗೋಡೆ ಬೇಗ ಪಾಚಿ ಹಿಡಿಯುತ್ತದೆ, ಅವಳು ಮಲಗುವ ಕೋಣೆಗೆ ಮೊದಲು ಬಣ್ಣ ಹೊಡೆಸು, ವಾಸನೆ ಹೋದ ಮೇಲೆ ಕರೆದುಕೊಂಡು ಹೋಗು ಎಂದೆ. ಆಯಿತು ಅಕ್ಕ ಎಂದ. ಹೊಸ ಹಾಸಿಗೆಯನ್ನು ರಿಕ್ಷಾದಲ್ಲಿ ಕಳುಹಿಸಿದೆ.

ಮಾರ್ಚ್ 1, ಶನಿವಾರ

ಬುಧವಾರ ಉಪವಾಸದ ಕಾಲ ಶುರು. ಅದರೊಳಗೆ ಆಗಲಿ ಎಂದು ನಾನೇ ಹೇಳಿದೆ. ಉಪವಾಸದಲ್ಲಿ ಹುಡುಗಿಯನ್ನು ಕಳುಹಿಸಿಕೊಡುವ ಕ್ರಮವಿಲ್ಲ.

ಕಾರಿನಲ್ಲಿ ಮೂವರೂ ಕಾಪುವಿಗೆ ಹೋದೆವು. ಟೀನಾ ಮಾಸ್ಕ್ ಹಾಕಿ, ತಲೆಗೆ ನಾನು ಹೊಲಿದ ಹತ್ತಿಯ ಟೊಪ್ಪಿ ಹಾಕಿ ಕಿಟಕಿಯ ಪಕ್ಕ ಕೂತಿದ್ದಳು. ತಲೆಯಲ್ಲಿ ಬೆರಳಿನುಗುರಿನಷ್ಟು ಕೂದಲು ಬಂದಿದೆ. ದೀಪಸ್ತಂಭ ಕಂಡಾಗ ಚಿಕ್ಕ ಮಗುವಿನ ಹಾಗೆ ಕೈ ತೋರಿಸಿದಳು.

ಜಗಲಿಯಲ್ಲಿ ಬರ್ತಾಬಾಯಿ ನಿಂತಿದ್ದರು. ಎಪ್ಪತ್ತು ದಾಟಿದೆ, ಬೆನ್ನು ಮಾತ್ರ ನೆಟ್ಟಗೆ. ನಾನು ಟೀನಾಳ ಕೈ ಹಿಡಿದುಕೊಂಡೆ. ಆಸ್ಪತ್ರೆಯಲ್ಲಿ ರೋಸ್ ಹಾಕಿದ ದಿನದ ನಂತರ ಮೊದಲ ಸಲ. ಬಿಸಿಯಾಗಿತ್ತು. ಜ್ವರದ ಬಿಸಿಯಲ್ಲ, ಸಾಮಾನ್ಯ ಬಿಸಿ.

ಎಷ್ಟು ಮದುವೆಗಳಲ್ಲಿ ಈ ಮಾತನ್ನು ಬೇರೆಯವರಿಗೆ ಹೇಳಿಕೊಟ್ಟಿದ್ದೇನೆ. ಅಳಬೇಡಿ, ಗಟ್ಟಿಯಾಗಿ ಹೇಳಿ ಎಂದು ಗದರಿಸಿದ್ದೇನೆ. ಇಂದು ಹೇಳಬೇಕಾದವಳು ನಾನೇ. ಹೇಗೋ ಹೇಳಿದೆ: "ಇಷ್ಟು ದಿನ ನಮ್ಮದಾಗಿತ್ತು, ಇಂದಿನಿಂದ ನಿಮ್ಮದು. ತಪ್ಪಿದರೆ ತಿದ್ದಿ, ಹಸಿದರೆ ಬಡಿಸಿ. ಒಪ್ಪಿಸಿದ್ದೇನೆ."

ಅವಳ ಕೈಯನ್ನು ಬರ್ತಾಬಾಯಿಯ ಕೈಯಲ್ಲಿಟ್ಟೆ.

"ಎಂತ ಒಪ್ಪಿಸಿದ್ದು? ಹುಡುಗಿಯನ್ನಾ, ನೆತ್ತರನ್ನಾ?" ಎಂದು ಮುದುಕಿ ಕೇಳಿದರು.

"ಎರಡನ್ನೂ" ಎಂದೆ.

"ಸರಿ. ಎರಡನ್ನೂ ತೆಗೆದುಕೊಂಡೆ." ಟೀನಾಳನ್ನು ಒಳಕೋಣೆಗೆ ಕರೆದೊಯ್ದು ಹಾಸಿಗೆಯಲ್ಲಿ ಕೂರಿಸಿ ಬಾಗಿಲು ಎಳೆದುಕೊಂಡು ಬಂದರು. ಮತ್ತೆ ಅಡುಗೆಮನೆಗೆ ಹೋಗಿ ಒಂದು ಬಟ್ಟಲು ಹಿಡಿದು ಬಂದರು. ವಾಸನೆ ಬಂದ ಕೂಡಲೇ ಗೊತ್ತಾಯಿತು. ತೆಂಗಿನ ಹಾಲು.

ಅಡ್ಡ ನಿಂತುಬಿಟ್ಟೆ. "ಬೇಡ ಬಾಯಿ! ಅವಳಿಗೆ ಆಗುವುದಿಲ್ಲ. ಒಮ್ಮೆ ನಾನು ಮಾಡಿ..."

"ಗೊತ್ತುಂಟು. ಮಗ ಎಲ್ಲ ಹೇಳಿದ್ದಾನೆ. ಇದು ಅವಳಿಗಲ್ಲ." ಮುದುಕಿ ಕಾಲಿನಿಂದಲೇ ಒಂದು ಮಣೆ ನನ್ನ ಕಡೆಗೆ ತಳ್ಳಿದರು. "ಕೂತುಕೋ."

"ನಾನಾ?"

"ನನ್ನ ಮಗಳ ರೋಸಿಗೆ ಬಂದು ಅಷ್ಟು ಚೆಂದ ಹಾಡಿದಿ. ಹಾಡುವವಳ ತಲೆ ಒಣಗಿಯೇ ಉಂಟಲ್ಲ ಎಂದು ಅಂದೇ ನನಗೆ ಅನಿಸಿತ್ತು. ಕೂತುಕೋ ಅಂದೆ. ಬೆಳಗಿನಿಂದ ತುರಿದು ಕೈ ನೋಯುತ್ತದೆ, ಚೆಲ್ಲಲಿಕ್ಕೆ ಹೇಳಬೇಡ."

ಐವತ್ತು ವರ್ಷದವಳು ನಾನು, ನಾಚಿಕೆಯಾಗುವುದಿಲ್ಲವಾ ಎಂದು ಹೇಳಬೇಕೆಂದಿದ್ದೆ. ಕಾಲು ತಾನೇ ಮಡಚಿತು. ಬರ್ತಾಬಾಯಿ ಹೆಬ್ಬೆರಳು ಅದ್ದಿ ನನ್ನ ಹಣೆಗೆ ಶಿಲುಬೆ ಬರೆದರು. ತಲೆಗೆ ಸುರಿದರು, ಕೈಗಳಿಗೆ ಹಚ್ಚಿದರು, ಸೂಜಿ ಚುಚ್ಚಿದ ಎರಡೂ ಮೊಣಕೈ ಮಡಿಕೆಗಳಿಗೂ. ಹಾಡಲು ಅಲ್ಲಿ ಯಾರೂ ಇರಲಿಲ್ಲ. ಜೋಯ್‌ಸ್ಟನ್ ಕಂಬ ಹಿಡಿದು ನಿಂತಿದ್ದ. ಆಗ ಮುಚ್ಚಿದ ಬಾಗಿಲಿನ ಆಚೆಯಿಂದ ಟೀನಾ ಹಾಡು ಎತ್ತಿದಳು. ಮಾಸ್ಕಿನೊಳಗಿನಿಂದ, ಶ್ರುತಿ ತಪ್ಪಿ, ಉಸಿರು ಸಾಲದೆ. ಒಂದು ಸಾಲು ತಪ್ಪು ಹೇಳಿದಳು. ನಾನು ತಿದ್ದಲಿಲ್ಲ.

ಸಂಜೆಯ ಬಸ್ಸಿನಲ್ಲಿ ಒಬ್ಬಳೇ ಬಂದೆ. ಪಕ್ಕದಲ್ಲಿ ಕೂತ ಹೆಂಗಸು ಮೂಗು ಮುಚ್ಚಿಕೊಂಡು ಬೇರೆ ಸೀಟಿಗೆ ಹೋದಳು. ಒಳಕೋಣೆಯ ಕಿಟಕಿ ತೆರೆದು ಹೊಲಿಗೆ ಮೆಷಿನನ್ನು ಮತ್ತೆ ಅಲ್ಲಿಗೆ ಎಳೆದು ಇಟ್ಟಿದ್ದೇನೆ.

ತಲೆಯೆಲ್ಲ ಅಂಟಂಟು. ರೋಸ್ ಆದ ಮೇಲೆ ಮೀಯಬೇಕು, ಅದೇ ಕ್ರಮ. ನಾಳೆ ಮೀಯುತ್ತೇನೆ.